ಗುಡ್ಡ ಏಕೆ ಚಪ್ಪಟೆಯಾಯಿತು? ಪಾಚಿ ಉಕ್ಕಿದ ಅಳಿವೆ ನೀರಿನಲ್ಲಿ ಬೆಳಕಿನ ಹೀರಿಕೆ ಅಳೆಯುವಾಗಿನ ದೋಷಗಳು

ಪಾಚಿ ಉಕ್ಕಿದ ದಿನ ಅಳಿವೆಯ ನೀರು ಪ್ರಯೋಗಾಲಯಕ್ಕೆ ಬಂತೆಂದರೆ, ಅಲ್ಲಿಯವರೆಗೆ ತಂಟೆ ಮಾಡದ ವಿಧಾನಗಳೆಲ್ಲ ಹಠ ಹಿಡಿಯುತ್ತವೆ. ಯಾವ ಬಣ್ಣದ ಬೆಳಕು ಎಷ್ಟು ಹೀರಿಹೋಯಿತು ಎಂದು ತೋರಿಸುವ ಗೆರೆ ಸೊನ್ನೆಗೆ ಇಳಿಯುವುದಿಲ್ಲ, ಏಳಬೇಕಾದ ಗುಡ್ಡ ಏಳುವುದಿಲ್ಲ, ಏಳಬಾರದ ಕಡೆ ಒಂದು ಉಬ್ಬು ಬಂದು ಕುಳಿತಿರುತ್ತದೆ. ಎಲ್ಲರೂ ಮೊದಲು ಅನುಮಾನಿಸುವುದು ಯಂತ್ರವನ್ನು. ನಾನು ಕಂಡಂತೆ ದೋಷ ಹೆಚ್ಚಾಗಿ ಕ್ಯಾನಿನಲ್ಲಿ, ಫಿಲ್ಟರ್‌ನಲ್ಲಿ ಅಥವಾ ಬ್ಲ್ಯಾಂಕ್‌ನಲ್ಲಿ, ಅಂದರೆ ಹೋಲಿಕೆಗೆಂದು ಇಡುವ ಖಾಲಿ ಮಾದರಿಯಲ್ಲಿ, ಇರುತ್ತದೆ. ಆದ್ದರಿಂದ ಇಲ್ಲಿ ಯಂತ್ರದ ಸರದಿ ಕೊನೆಗೆ ಬರುತ್ತದೆ.

ಉದಾಹರಣೆಗಳು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯವು. ಅಣೆಕಟ್ಟಿಲ್ಲದ ನದಿ, 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಜೌಗು ಪ್ರದೇಶ. ಮಳೆಗಾಲದಲ್ಲಿ ಜಂಬಿಟ್ಟಿಗೆ ಮಣ್ಣು ಹೊತ್ತು ಕೆಂಪಗೆ ಹರಿಯುತ್ತದೆ. ಬೇಸಿಗೆಯಲ್ಲಿ ಉಬ್ಬರದ ಉಪ್ಪುನೀರು ಒಳಗಿನವರೆಗೂ ನುಗ್ಗುತ್ತದೆ. ಹೊರಗಿನ ಕಡಲಿನಲ್ಲಿ ಆಗಾಗ ಉಕ್ಕುವ ಟ್ರೈಕೋಡೆಸ್ಮಿಯಮ್, ನಾಕ್ಟಿಲುಕಾ ಎಂಬ ಸೂಕ್ಷ್ಮಜೀವಿಗಳು ಅಳಿವೆ ಬಾಗಿಲು ದಾಟಿ ಒಳಗೆ ಬರುವುದು ಆ ಉಬ್ಬರದ ಜೊತೆಗೇ.

ಅಳೆಯುವ ಕ್ರಮ ಹೀಗೆ: ನೀರನ್ನು 25 ಮಿಲಿಮೀಟರ್ ಗಾಜಿನ ನಾರಿನ ಜಿಎಫ್/ಎಫ್ ಫಿಲ್ಟರ್ ಮೇಲೆ ಸೋಸಿ, ಮೇಲೆ ನಿಂತ ಕಣಗಳ ಹೀರಿಕೆಯನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ (ಒಂದೊಂದು ತರಂಗಾಂತರದ ಬೆಳಕಿನ ಹೀರಿಕೆ ಅಳೆಯುವ ಯಂತ್ರದಲ್ಲಿ) ಓದುವುದು, ಮೆಥನಾಲ್ ಹಾಕಿ ಪಾಚಿಯ ಬಣ್ಣ ತೆಗೆದು ಮತ್ತೊಮ್ಮೆ ಓದುವುದು, ಎರಡರ ವ್ಯತ್ಯಾಸವೇ ಪಾಚಿಯ ಪಾಲು. ಕರಗಿದ ಬಣ್ಣಕ್ಕೆ 0.2 ಮೈಕ್ರೋಮೀಟರ್ ಫಿಲ್ಟರ್‌ನಲ್ಲಿ ಸೋಸಿದ ನೀರನ್ನು 10 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ, ಅಂದರೆ ಪಾರದರ್ಶಕ ಪುಟ್ಟ ಪಾತ್ರೆಯಲ್ಲಿ, ಓದುವುದು.

ಆರೋಗ್ಯವಂತ ಗೆರೆಯ ಮುಖಪರಿಚಯವೂ ಇರಲಿ. ಪಾಚಿಯ ಗೆರೆಯಲ್ಲಿ 440 ನ್ಯಾನೋಮೀಟರ್ ಬಳಿ ಎತ್ತರದ ಗುಡ್ಡ, 675ರ ಬಳಿ ಚಿಕ್ಕದೊಂದು, 700 ದಾಟಿದ ಮೇಲೆ ಬಯಲು. ಕರಗಿದ ಬಣ್ಣದ ಗೆರೆ ಜಾರುಬಂಡೆಯ ಹಾಗೆ ಅತಿನೇರಳೆಯಿಂದ ಕೆಂಪಿನ ಕಡೆಗೆ ನಯವಾಗಿ ಇಳಿಯುತ್ತದೆ.

ಕೈ ಹಾಕುವ ಮೊದಲು

ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ, ಚರ್ಮದಿಂದಲೂ ಒಳಗೆ ಹೋಗುತ್ತದೆ, ಕಣ್ಣು ಕಳೆಯುತ್ತದೆ. ಹೊಗೆಗೂಡಿನೊಳಗೆ, ಕೈಗವಸು ತೊಟ್ಟೇ ಬಳಸಿ. ಬಣ್ಣ ಕಳೆಯಲು ಕೆಲವರು ಬಳಸುವ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರಾವಣ, ಮೆಥನಾಲ್ ಜೊತೆ ಎಂದೂ ಸೇರಬಾರದು. ಎರಡರ ತ್ಯಾಜ್ಯಕ್ಕೆ ಬೇರೆ ಬೇರೆ ಬಾಟಲಿ ಇಡಿ. ಬ್ಲೀಚ್‌ಗೆ ಆಮ್ಲ ತಗಲಿದರೆ ಕ್ಲೋರಿನ್ ಅನಿಲ ಏಳುತ್ತದೆ. ದ್ರವ ಸಾರಜನಕದ ಪಾತ್ರೆಯನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿಡಬೇಡಿ. ಇಳಿತದ ಹೊತ್ತಿನಲ್ಲಿ ಅಳಿವೆ ಬಾಗಿಲಲ್ಲಿ ಅಲೆ ಮುರಿಯುತ್ತಿದ್ದರೆ ಮಾದರಿ ತರಲು ದೋಣಿ ಇಳಿಸಬೇಡಿ.

ಲಕ್ಷಣ: ಒಂದೇ ಕ್ಯಾನಿನ ನೀರು, ಮೂರು ಫಿಲ್ಟರ್, ಮೂರು ಉತ್ತರ

ಅತಿ ಹೆಚ್ಚು ಕಾಣುವ ದೋಷ ಇದು. ಕಾಸು ಖರ್ಚಿಲ್ಲದೆ ಸರಿಹೋಗುವುದೂ ಇದೇ. ಸ್ವಲ್ಪ ನೀರನ್ನು ಬಿಳಿ ಬಟ್ಟಲಿಗೆ ಸುರಿದು ಬರಿಗಣ್ಣಿನಲ್ಲಿ ನೋಡಿ. ಮರದ ಹೊಟ್ಟು ಉದುರಿಸಿದಂತೆ ಸಣ್ಣ ಎಳೆಗಳು ಮೇಲ್ಗಡೆ ತೇಲುತ್ತಿದ್ದರೆ ಅದು ಟ್ರೈಕೋಡೆಸ್ಮಿಯಮ್. ನೆನೆದ ರವೆಯ ಕಾಳಿನಂತೆ ದುಂಡಗಿನ, ಪಾರದರ್ಶಕ ಚುಕ್ಕೆಗಳಾದರೆ ನಾಕ್ಟಿಲುಕಾ; ರಾತ್ರಿ ಅಲೆಗಳಲ್ಲಿ ನೀಲಿ ಹೊಳಪು ಕೊಡುವ ಜೀವಿ ಅದೇ.

ಎರಡಕ್ಕೂ ತೇಲುವ ಸ್ವಭಾವ. ಕ್ಯಾನನ್ನು ಹತ್ತು ನಿಮಿಷ ಮೇಜಿನ ಮೇಲಿಟ್ಟು ಫೋನಿನಲ್ಲಿ ಮಾತು ಮುಗಿಸಿ ಬಂದರೆ ಜೀವಿಗಳೆಲ್ಲ ಮೇಲೆ ಸೇರಿರುತ್ತವೆ. ಮೊದಲು ಬಗ್ಗಿಸಿದ ಫಿಲ್ಟರ್ ದಟ್ಟ, ಕೊನೆಯದು ಬೋಳು. ತಳದಲ್ಲಿ ನಲ್ಲಿಯಿರುವ ಕ್ಯಾನಿನಲ್ಲಿ ಇದೇ ತಿರುಗುಮುರುಗಾಗುತ್ತದೆ. ಪರೀಕ್ಷೆ ಸುಲಭ: ಫಿಲ್ಟರ್‌ಗಳಿಗೆ ಸೋಸಿದ ಕ್ರಮದಲ್ಲೇ ಸಂಖ್ಯೆ ಹಾಕಿ. ಓದು ಆ ಕ್ರಮದಲ್ಲೇ ಏರುತ್ತಲೋ ಇಳಿಯುತ್ತಲೋ ಹೋದರೆ ತೇಲುವಿಕೆಯೇ ಕಾರಣ. ಕ್ರಮವಿಲ್ಲದೆ ಎದ್ದುಬಿದ್ದರೆ ಗುಂಪುಗಳು ಯಾವುದೋ ಒಂದು ಫಿಲ್ಟರ್‌ಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಿದ್ದಿವೆ.

ಕ್ಯಾನನ್ನು ಕುಲುಕಬೇಡಿ, ನಾಕ್ಟಿಲುಕಾ ಒಡೆದುಹೋಗುತ್ತದೆ. ಮೆಲ್ಲಗೆ ತಲೆಕೆಳಗು ಮಾಡಿ, ನೆಟ್ಟಗೆ ಮಾಡಿ, ಕೂಡಲೇ ಸುರಿಯಿರಿ. ಪ್ರತಿ ಸಲವೂ ಹೀಗೆಯೇ. ಇಲ್ಲೊಂದು ತೊಡಕಿದೆ. ಪಾಚಿ ದಟ್ಟವಾಗಿದ್ದರೆ ಫಿಲ್ಟರ್ ತುಂಬಿಹೋಗದಂತೆ ಕಡಿಮೆ ನೀರು ಸೋಸಬೇಕು; ಗುಂಪುಗುಂಪಾದ ಜೀವಿಯಾದರೆ ಕಡಿಮೆ ನೀರು ಇಡೀ ಕ್ಯಾನಿನ ಪ್ರತಿನಿಧಿಯೇ ಅಲ್ಲ. ಅರ್ಧ ಲೀಟರನ್ನು ಐದಾರು ಫಿಲ್ಟರ್‌ಗಳಿಗೆ ಹಂಚಿ ಸರಾಸರಿ ತೆಗೆಯುವುದು ನನ್ನ ರೂಢಿ. ಫಿಲ್ಟರ್ ದುಬಾರಿ ಎನ್ನುವವರಿಗೆ ದೋಣಿ ಬಾಡಿಗೆಯನ್ನು ನೆನಪಿಸುತ್ತೇನೆ.

ಕಲೆಯ ಅಗಲವನ್ನೂ ಅಳೆದಿಡಿ. ಫಿಲ್ಟರ್ 25 ಮಿಲಿಮೀಟರ್ ಇದ್ದರೂ ಆಲಿಕೆಯ ಅಂಚು ಒತ್ತಿದ ಜಾಗದಲ್ಲಿ ಕಣ ಕೂರುವುದಿಲ್ಲ. ಬಣ್ಣದ ವೃತ್ತ 21 ಮಿಲಿಮೀಟರ್ ಇದ್ದು ನೀವು 20 ಎಂದು ಬರೆದರೆ ಉತ್ತರ ಸುಮಾರು ಶೇ 10ರಷ್ಟು ತಪ್ಪುತ್ತದೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಎರಡು ದಿಕ್ಕಿಗೆ ಅಳೆಯಿರಿ. ವೃತ್ತದ ಒಂದು ಬದಿ ಮಾತ್ರ ದಟ್ಟವಾಗಿದ್ದರೆ ಆಲಿಕೆ ವಾಲಿದೆ. ಆ ಫಿಲ್ಟರನ್ನು ಬಿಟ್ಟು ಹೊಸದಾಗಿ ಸೋಸಿ.

ಲಕ್ಷಣ: 750 ದಾಟಿದರೂ ಗೆರೆ ನೆಲ ಮುಟ್ಟುತ್ತಿಲ್ಲ

ಮೊದಲು ಬ್ಲ್ಯಾಂಕ್ ಎದುರಿಗೆ ಬ್ಲ್ಯಾಂಕ್ ಇಟ್ಟು ಓದಿ. ಸೋಸಿದ ಸಮುದ್ರದ ನೀರಿನಲ್ಲಿ ನೆನೆಸಿದ ಎರಡು ಖಾಲಿ ಫಿಲ್ಟರ್‌ಗಳ ನಡುವಿನ ಗೆರೆ ಸೊನ್ನೆಗೆ ಅಂಟಿಕೊಂಡಿರಬೇಕು. 0.02ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮುಂದಿನದನ್ನೆಲ್ಲ ನಿಲ್ಲಿಸಿ ಇದನ್ನೇ ಸರಿಪಡಿಸಿ. ಹೆಚ್ಚಿನ ಸಲ ತೇವದ್ದೇ ತಕರಾರು: ಮಾದರಿ ಒದ್ದೆ, ಬ್ಲ್ಯಾಂಕ್ ಫ್ಯಾನಿನ ಗಾಳಿಗೆ ಅರೆ ಒಣಗಿದೆ. ಒಣಗಿದ ಗಾಜಿನ ನಾರು ಬೆಳಕನ್ನು ಬೇರೆಯದೇ ರೀತಿ ಚದುರಿಸುತ್ತದೆ. ಎರಡನ್ನೂ ಮುಚ್ಚಿದ ತಟ್ಟೆಯಲ್ಲಿ, ಒದ್ದೆ ಕಾಗದದ ಮೇಲೆ ಒಟ್ಟಿಗೆ ಇಡಿ. ಬೇರೆ ಬೇರೆ ಪೆಟ್ಟಿಗೆಯ ಫಿಲ್ಟರ್‌ಗಳನ್ನು ಜೋಡಿ ಮಾಡಬೇಡಿ.

ಬ್ಲ್ಯಾಂಕ್ ಸರಿಯಿದ್ದರೆ ನೀರಿನ ಬಣ್ಣ ನೋಡಿ. ಮೊದಲ ಮಳೆಯ ನಂತರದ ಕೆಂಪು ನೀರಾದರೆ ಮಣ್ಣಿನ ಕಣಗಳು ಬೆಳಕನ್ನು ಚದುರಿಸುತ್ತಿರುತ್ತವೆ. ಜಂಬಿಟ್ಟಿಗೆಯ ಕಬ್ಬಿಣದ ಆಕ್ಸೈಡ್‌ಗಳು ನೀಲಿ–ಹಸಿರು ಭಾಗದಲ್ಲಿ ನಿಜವಾಗಿಯೂ ಹೀರುತ್ತವೆ. 480ರಿಂದ 550ರ ನಡುವೆ ಗೆರೆಗೆ ಒಂದು ಹೆಗಲು ಮೂಡುತ್ತದೆ. ಅದು ದೋಷವಲ್ಲ, ನದಿ ತಂದದ್ದು.

750ರ ಬೆಲೆಯನ್ನು ಇಡೀ ಗೆರೆಯಿಂದ ಕಳೆದುಬಿಡುವ ಚಟ ಬಹಳ ಜನರಿಗಿದೆ. ಗೆರೆ ಚೆಂದವಾಗುತ್ತದೆ, ಹೌದು. ಆದರೆ ಫಿಲ್ಟರನ್ನು ಬೆಳಕಿನ ದಾರಿಯಲ್ಲಿ ನಿಲ್ಲಿಸಿ ಓದುವ ಸಾಮಾನ್ಯ ವಿಧಾನದಲ್ಲಿ ಮಾತ್ರ ಈ ಕಳೆಯುವಿಕೆಗೆ ಅರ್ಥವಿದೆ. ಸಮಾಕಲನ ಗೋಳದ (ಎಲ್ಲ ದಿಕ್ಕಿನ ಬೆಳಕನ್ನೂ ಕೂಡಿಸುವ ಟೊಳ್ಳು ಗೋಳದ) ಒಳಗೇ ಫಿಲ್ಟರ್ ಇಟ್ಟು ಓದಿದರೆ ಚದುರಿದ ಬೆಳಕೂ ಲೆಕ್ಕಕ್ಕೆ ಸಿಗುತ್ತದೆ. ಅಲ್ಲಿ 750ರಲ್ಲಿ ಉಳಿದದ್ದು ಮಣ್ಣಿನ ನಿಜವಾದ ಹೀರಿಕೆಯಿರಬಹುದು. ಕಳೆಯುವುದಾದರೆ ಮೂಲ ಗೆರೆಯನ್ನು ಬೇರೆ ಕಡತದಲ್ಲಿ ಉಳಿಸಿಯೇ ಕಳೆಯಿರಿ.

ಲಕ್ಷಣ: ನೀರು ದಟ್ಟ ಬಣ್ಣದ್ದು, ಆದರೆ 675ರ ಗುಡ್ಡ ಚಪ್ಪಟೆ

ಒಂದೇ ಲಕ್ಷಣ, ಕಾರಣ ನಾಲ್ಕು. ಮೊದಲ ಮೂರನ್ನು ಬಿಡಿಸಲು ಒಂದೊಂದಕ್ಕೂ ಒಂದು ಪ್ರಶ್ನೆ.

ಓದು ಎಷ್ಟು? ಫಿಲ್ಟರ್ ಮೇಲಿನ ಅಬ್ಸಾರ್ಬನ್ಸ್ (ಯಂತ್ರ ತೋರಿಸುವ ಹೀರಿಕೆಯ ಅಂಕಿ) 440ರಲ್ಲಿ 0.4 ದಾಟಿದ್ದರೆ ಫಿಲ್ಟರ್ ಭಾರವಾಗಿದೆ. ಎರಡೂ ಗುಡ್ಡಗಳ ನೆತ್ತಿ ಹತ್ತಿಕ್ಕಿದಂತೆ ಕಾಣುತ್ತದೆ. ಅರ್ಧ ನೀರು ಸೋಸಿ ಮತ್ತೆ ಓದಿ. ಲೆಕ್ಕ ಹಾಕಿದ ಹೀರಿಕೆ ಬದಲಾದರೆ ಮೊದಲನೆಯದು ತಪ್ಪು. 0.1ರಿಂದ 0.4ರ ನಡುವೆ ಇರುವಂತೆ ನೀರಿನ ಪ್ರಮಾಣ ಆರಿಸಿ. ಉಕ್ಕಿದ ದಿನ 25 ಮಿಲಿಲೀಟರ್ ಸಾಕಾಗುವುದೂ ಉಂಟು.

440ರ ಗುಡ್ಡ ಎಡಕ್ಕೆ ಸರಿದಿದೆಯೇ? 415ರ ಕಡೆಗೆ ವಾಲಿದ್ದರೆ ಕ್ಲೋರೊಫಿಲ್ ಸತ್ತು ಫಿಯೋಫೈಟಿನ್ ಆಗಿದೆ. ಮಾದರಿ ಬಿಸಿಲಲ್ಲಿ ಬೆಂದಿತೇ, ಫಿಲ್ಟರ್ ಸಾಮಾನ್ಯ ಫ್ರೀಜರಿನಲ್ಲಿ ವಾರಗಟ್ಟಲೆ ಕುಳಿತಿತ್ತೇ ಎಂದು ಕೇಳಿ. ಅಳಿವೆಯಿಂದ ಬರುವಾಗ ಕ್ಯಾನು ದೋಣಿಯ ಹಲಗೆಯ ಮೇಲಿತ್ತೋ ಐಸ್ ಪೆಟ್ಟಿಗೆಯಲ್ಲಿತ್ತೋ ಎಂಬುದು ಗೆರೆಯಲ್ಲಿ ಬರೆದಿರುತ್ತದೆ. ಸೋಸಿದ ದಿನವೇ ಓದಿ. ಆಗದಿದ್ದರೆ ಫಿಲ್ಟರನ್ನು ಮಡಿಸದೆ ದ್ರವ ಸಾರಜನಕದಲ್ಲಿ, ಕನಿಷ್ಠ ಮೈನಸ್ 80 ಡಿಗ್ರಿಯಲ್ಲಿ ಇಡಿ. ಕೆಟ್ಟ ಮಾದರಿಯನ್ನು ಯಾವ ಸೂತ್ರವೂ ಬದುಕಿಸುವುದಿಲ್ಲ.

ಉಕ್ಕಿದ್ದು ಯಾವ ಜೀವಿ? ಕೆಂಪು ನಾಕ್ಟಿಲುಕಾಕ್ಕೆ ಸ್ವಂತ ಕ್ಲೋರೊಫಿಲ್ ಇಲ್ಲ. ಅದು ಬೇರೆ ಪಾಚಿಗಳನ್ನು ತಿಂದು ಬದುಕುವ ಜೀವಿ. ನೀರು ಟೊಮೆಟೊ ಸಾರಿನಂತಿದ್ದರೂ 675ರಲ್ಲಿ ಸಿಗುವುದು ಅದರ ಹೊಟ್ಟೆಯೊಳಗಿನ ಊಟ ಮಾತ್ರ. ಅರಬ್ಬಿ ಸಮುದ್ರದಲ್ಲೇ ಇರುವ ಹಸಿರು ನಾಕ್ಟಿಲುಕಾ ಬೇರೆ. ಅದರೊಳಗೆ ಹಸಿರು ಪಾಚಿ ಬಾಡಿಗೆಗಿರುತ್ತದೆ, ಗುಡ್ಡ ಚೆನ್ನಾಗಿಯೇ ಏಳುತ್ತದೆ. ಸೂಕ್ಷ್ಮದರ್ಶಕದಡಿ ಒಂದು ಹನಿ ನೋಡಿದರೆ ಎರಡು ನಿಮಿಷದಲ್ಲಿ ಬಗೆಹರಿಯುವ ಪ್ರಶ್ನೆ ಇದು.

ಈ ಮೂರೂ ಅಲ್ಲವೆಂದಾದರೆ ಜೀವಕೋಶದ ಗಾತ್ರವೇ ಕಾರಣ. ಬಣ್ಣವೆಲ್ಲ ದೊಡ್ಡ ಕೋಶದೊಳಗೆ ಒತ್ತೊತ್ತಾಗಿದ್ದಾಗ ಒಳಗಿನ ಬಣ್ಣಕ್ಕೆ ಬೆಳಕೇ ತಲುಪುವುದಿಲ್ಲ. ಅಷ್ಟೇ ಕ್ಲೋರೊಫಿಲ್ ಕಡಿಮೆ ಹೀರಿದಂತೆ ಕಾಣುತ್ತದೆ. ಇದನ್ನು ಸರಿಪಡಿಸಲು ಹೋಗಬೇಡಿ. ನೀರಿನಲ್ಲಿ ನಡೆಯುತ್ತಿರುವುದೇ ಅದು.

ಲಕ್ಷಣ: ಮೆಥನಾಲ್ ಹಾಕಿದ ಮೇಲೂ ಉಬ್ಬು ಉಳಿದಿದೆ

ಉಬ್ಬು ಎಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 675ರಲ್ಲಿ ಉಳಿದಿದ್ದರೆ ಬಣ್ಣ ಪೂರ್ತಿ ಕರಗಿಲ್ಲ. ಹೊಸ ಮೆಥನಾಲ್ ಹಾಕಿ, ಇನ್ನಷ್ಟು ಹೊತ್ತು ಬಿಡಿ, ಸೋಸಿದ ಸಮುದ್ರದ ನೀರಿನಿಂದ ತೊಳೆದು ಮತ್ತೆ ಓದಿ. ಬ್ಲ್ಯಾಂಕ್ ಫಿಲ್ಟರ್‌ಗೂ ಅಷ್ಟೇ ಉಪಚಾರ ಆಗಬೇಕು.

490ರಿಂದ 570ರ ನಡುವೆ ಉಳಿದಿದ್ದರೆ ಮೆಥನಾಲ್ ಬಾಟಲಿಯನ್ನು ದೂರಬೇಡಿ. ಒಂದು ಬೇಸಿಗೆಯಲ್ಲಿ ನಾನು 545ರ ಒಂದು ಉಬ್ಬನ್ನು ಎರಡು ದಿನ ಬೆನ್ನಟ್ಟಿದೆ. ದೀಪ ಹಳತಾಯಿತೆಂದೆ, ಫಿಲ್ಟರ್ ಪೆಟ್ಟಿಗೆ ಬದಲಿಸಿದೆ, ಮೆಥನಾಲ್ ಕಲಬೆರಕೆಯೆಂದು ಅಂಗಡಿಯವನಿಗೆ ಫೋನ್ ಮಾಡಿ ಜಗಳವಾಡಿದೆ. ಮೂರನೆಯ ದಿನ ಮೆಥನಾಲ್ ಇಳಿದ ಫಿಲ್ಟರನ್ನು ಚಿಮಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದಾಗ ಕಂಡಿತು: ಹಸಿರೆಲ್ಲ ಹೋಗಿ, ಒಗೆದ ಗುಲಾಲಿ ಬಟ್ಟೆಯಂಥ ತೆಳು ಬಣ್ಣ ಉಳಿದಿತ್ತು. ಟ್ರೈಕೋಡೆಸ್ಮಿಯಮ್‌ನ ಫೈಕೋಎರಿತ್ರಿನ್. ನೀರಿನಲ್ಲಿ ಕರಗುವ ಪ್ರೋಟೀನ್ ಬಣ್ಣ ಅದು. ಮೆಥನಾಲ್‌ಗೆ ಜಗ್ಗುವುದೇ ಇಲ್ಲ. ಹಾಗೆಯೇ ಬಿಟ್ಟರೆ ಪಾಚಿಯ ಪಾಲು ನಿರ್ಜೀವ ಕಣಗಳ ಖಾತೆಗೆ ಜಮೆಯಾಗುತ್ತದೆ.

ಇಂಥ ಮಾದರಿಗೆ ಬ್ಲೀಚ್ ಸರಿಯಾದ ದಾರಿ: ಮೆಥನಾಲ್ ಕಾಣದ ಹೊಸ ಫಿಲ್ಟರ್ ಮೇಲೆ ಶೇ 1ರಷ್ಟು ಸಕ್ರಿಯ ಕ್ಲೋರಿನ್ ಇರುವ ಹೈಪೋಕ್ಲೋರೈಟ್‌ನ ಕೆಲವು ಹನಿ, ಕೆಲವು ನಿಮಿಷ, ಆಮೇಲೆ ಧಾರಾಳವಾಗಿ ತೊಳೆಯುವುದು. ತೊಳೆದದ್ದು ಸಾಲದಿದ್ದರೆ 400ಕ್ಕಿಂತ ಕೆಳಗೆ ಗೆರೆ ಗೋಡೆಯಂತೆ ಏಳುತ್ತದೆ. ಅದು ಉಳಿದ ಬ್ಲೀಚ್‌ನ ಸಹಿ. ಮೆಥನಾಲ್ ಹಾಕಿದ ಫಿಲ್ಟರ್ ಮೇಲೆಯೇ ಬ್ಲೀಚ್ ಬಿಡುವ ಅಡ್ಡದಾರಿ ಬೇಡವೇ ಬೇಡ.

ಲಕ್ಷಣ: ಕರಗಿದ ಬಣ್ಣದ ಗೆರೆ ಅಲುಗುತ್ತದೆ, ಸೊನ್ನೆಗಿಂತ ಕೆಳಗಿಳಿಯುತ್ತದೆ, ಅಥವಾ ಜಾರುವ ಬದಲು ಉಬ್ಬುತ್ತದೆ

ಫ್ರಿಜ್ಜಿನಿಂದ ತೆಗೆದ ಕೂಡಲೇ ಓದಿದಿರಾ? ಕರಾವಳಿಯ ಸೆಕೆಯಲ್ಲಿ ತಣ್ಣಗಿನ ಕ್ಯುವೆಟ್ ಐಸ್ ನೀರಿನ ಲೋಟದಂತೆ ಬೆವರುತ್ತದೆ. ಒರೆಸಿದ ಅರ್ಧ ನಿಮಿಷಕ್ಕೆ ಮತ್ತೆ ಮಂಜು. ಗೆರೆ ಓದಿದ ಸಲಕ್ಕೊಂದು ಎತ್ತರದಲ್ಲಿ ಬರುತ್ತದೆ. 740ರ ಬಳಿ ಸಣ್ಣ ಸುಳಿ ಕಂಡರಂತೂ ಮಾದರಿ ಮತ್ತು ಬ್ಲ್ಯಾಂಕ್‌ನ ಉಷ್ಣತೆ ಬೇರೆ ಎಂಬುದು ಖಾತ್ರಿ. ನೀರಿನ ಹೀರಿಕೆ ಅಲ್ಲಿ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ. ಎರಡನ್ನೂ ಕೋಣೆಯ ಹವಕ್ಕೆ ಬರುವವರೆಗೆ ಕಾಯಿರಿ. ಕ್ಯುವೆಟ್ ಗೋಡೆಗೆ ಗುಳ್ಳೆ ಅಂಟಿದೆಯೇ ಎಂದೂ ನೋಡಿ.

ಗೆರೆ ಪೂರ್ತಿಯಾಗಿ ಒಂದೇ ಅಳತೆಗೆ ಮೇಲೆ ಅಥವಾ ಕೆಳಗೆ ಕುಳಿತಿದ್ದರೆ ಉಪ್ಪಿನ ಲೆಕ್ಕ. ಅತಿಶುದ್ಧ ನೀರಿನ ಬ್ಲ್ಯಾಂಕ್ ಎದುರು ಉಪ್ಪುನೀರು ಬೆಳಕನ್ನು ಬೇರೆ ರೀತಿ ಬಾಗಿಸುತ್ತದೆ. 700ರ ಸುತ್ತಲಿನ ಸರಾಸರಿಯನ್ನು ಕಳೆಯುವುದು ಇಲ್ಲಿ ನ್ಯಾಯ. ಬೆಲೆ ಋಣವಾಗಿ ಅತಿನೇರಳೆಯ ಕಡೆಗೆ ಇನ್ನಷ್ಟು ಕೆಳಗಿಳಿದರೆ ಬ್ಲ್ಯಾಂಕ್ ನೀರೇ ಕೆಟ್ಟಿದೆ. ವಾರದ ಹಿಂದಿನ ಪ್ಲಾಸ್ಟಿಕ್ ಬಾಟಲಿಯದನ್ನು ಚೆಲ್ಲಿ, ಆಗಷ್ಟೇ ಹಿಡಿದ ನೀರು ಬಳಸಿ.

ಇನ್ನು ಉಬ್ಬುಗಳು. 320–360ರ ನಡುವೆ ಉಬ್ಬಿದ್ದರೆ ಪಾಚಿ ಬಿಸಿಲಿನಿಂದ ಕಾಪಾಡಿಕೊಳ್ಳಲು ತಯಾರಿಸುವ ಮೈಕೋಸ್ಪೊರಿನ್ ಬಗೆಯ ಅಮೈನೋ ಆಮ್ಲಗಳು ನೀರಿಗೆ ಬಂದಿವೆ. ಕೋಶ ಅಳಿವೆಯಲ್ಲೇ ಒಡೆದಿತ್ತೋ ನಿಮ್ಮ ಪಂಪ್ ಒಡೆಯಿತೋ? ಅದೇ ನೀರನ್ನು ಬರಿಯ ಗುರುತ್ವದಲ್ಲಿ, ತಾನಾಗಿ ಇಳಿಯುವಂತೆ ಸೋಸಿ ಹೋಲಿಸಿ. ಉಬ್ಬು ಕುಗ್ಗಿದರೆ ಪಂಪಿನದೇ ತಪ್ಪು. ಎಳೆತ 120 ಮಿಲಿಮೀಟರ್ ಪಾದರಸ ದಾಟದಿರಲಿ. ಕುಗ್ಗದಿದ್ದರೆ ಉಕ್ಕಿದ ಪಾಚಿ ಸಾಯತೊಡಗಿದೆ. ಸಾಯುವ ಟ್ರೈಕೋಡೆಸ್ಮಿಯಮ್ ಸೋಸಿದ ನೀರನ್ನೇ ಗುಲಾಬಿ ಮಾಡುತ್ತದೆ, 545ರ ಉಬ್ಬು ಇಲ್ಲಿಗೂ ಬರುತ್ತದೆ. ಉಬ್ಬಿಲ್ಲದೆ ನೀಲಿಯಲ್ಲಿ ಎತ್ತರವಿದ್ದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನಿಂದ ಇಳಿತದಲ್ಲಿ ಬಸಿದ, ಚಹಾ ಬಣ್ಣದ ನೀರು ಇರಬಹುದು. ಮಾದರಿಯ ಚೀಟಿಯಲ್ಲಿ ಉಬ್ಬರ–ಇಳಿತದ ಹೊತ್ತು ಬರೆಯದವರಿಗೆ ಇದು ತಿಳಿಯುವುದೇ ಇಲ್ಲ.

ಲಕ್ಷಣ: ಗೆರೆ ಸರಿ, ಅಂಕಿ ಮಾತ್ರ ಒಂದೂವರೆ ಪಟ್ಟು

ಯಂತ್ರ ಬಿಡಿ, ಸೂತ್ರ ತೆಗೆಯಿರಿ. ಫಿಲ್ಟರ್ ನಾರಿನೊಳಗೆ ಬೆಳಕು ಅಡ್ಡಾಡುವುದರಿಂದ ಹೀರಿಕೆ ಹೆಚ್ಚಾಗಿ ಕಾಣುತ್ತದೆ. ಅದನ್ನು ತಗ್ಗಿಸುವ ಸಮೀಕರಣ ಓದುವ ವಿಧಾನಕ್ಕೊಂದು. 2015ರಲ್ಲಿ ಸ್ಟ್ರಾಮ್ಸ್ಕಿ ಮತ್ತು ಸಂಗಡಿಗರು ಕೊಟ್ಟಂತೆ, ಬೆಳಕಿನ ದಾರಿಯಲ್ಲಿ ಓದಿದರೆ ಅಬ್ಸಾರ್ಬನ್ಸ್‌ನ 1.2804 ಘಾತಕ್ಕೆ 0.679ರ ಗುಣಾಕಾರ, ಗೋಳದೊಳಗೆ ಓದಿದರೆ 1.0867 ಘಾತಕ್ಕೆ 0.323. ಓದು 0.3, ಸೋಸಿದ ನೀರು 100 ಮಿಲಿಲೀಟರ್, ವೃತ್ತ 21 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಬಂದದ್ದನ್ನು 2.303ರಿಂದ ಮತ್ತು ವೃತ್ತದ ವಿಸ್ತೀರ್ಣದಿಂದ ಗುಣಿಸಿ, ನೀರಿನ ಪ್ರಮಾಣದಿಂದ ಭಾಗಿಸಿದರೆ ಮೊದಲ ಸೂತ್ರದಲ್ಲಿ ಮೀಟರಿಗೆ ಸುಮಾರು 1.16, ಎರಡನೆಯದರಲ್ಲಿ 0.70. ಹಿಂದಿನ ವಿದ್ಯಾರ್ಥಿ ಬಿಟ್ಟುಹೋದ ಎಕ್ಸೆಲ್ ಹಾಳೆಯಲ್ಲಿ ಯಾವ ಸೂತ್ರವಿದೆ ಎಂದು ಒಮ್ಮೆ ತೆರೆದು ನೋಡಿ. 2.303ರ ಗುಣಾಕಾರ ಬಿಟ್ಟುಹೋಗಿಲ್ಲವೇ, ಕ್ಯುವೆಟ್ ಉದ್ದ 0.1 ಮೀಟರ್ ಎಂದಿದೆಯೇ ಎಂಬುದನ್ನೂ ಅಲ್ಲೇ ನೋಡಿ.

ಲಕ್ಷಣ: ಯಾವ ಮಾದರಿ ಇಟ್ಟರೂ ಅದೇ ಜಾಗದಲ್ಲಿ ಮೆಟ್ಟಿಲು, ಅಥವಾ ಗೆರೆ ತುಂಬ ಗರಗಸದ ಹಲ್ಲು

ಈಗ ಯಂತ್ರ. ಆನ್ ಮಾಡಿ ಒಂದು ಗಂಟೆ ಬಿಡಿ. ಅರ್ಧಕ್ಕರ್ಧ ದೂರು ಅಲ್ಲಿಗೇ ಮುಗಿಯುತ್ತದೆ. 340–360ರ ಆಸುಪಾಸಿನ ಮೆಟ್ಟಿಲು ಡ್ಯೂಟೀರಿಯಮ್ ದೀಪದಿಂದ ಹ್ಯಾಲೊಜನ್ ದೀಪಕ್ಕೆ ಬದಲಾಗುವ ಜಾಗ. ಮೆಟ್ಟಿಲು ದಿನೇ ದಿನೇ ಬೆಳೆಯುತ್ತಿದ್ದರೆ ಒಂದು ದೀಪ ಸೋಲುತ್ತಿದೆ. ಅತಿನೇರಳೆಯಲ್ಲಿ ಮಾತ್ರ ಗರಗಸವಾದರೆ ಡ್ಯೂಟೀರಿಯಮ್ ದೀಪ ಉರಿದ ಗಂಟೆಗಳನ್ನು ನೋಡಿ. ತರಂಗಾಂತರವೇ ಸರಿದಿದೆಯೆಂಬ ಅನುಮಾನವಿದ್ದರೆ ಹೋಲ್ಮಿಯಮ್ ಗಾಜು ಇಟ್ಟು ಓದಿ: 361 ಮತ್ತು 536ರ ಬಳಿಯ ಮೊನೆಗಳು ತಮ್ಮ ಜಾಗದಲ್ಲಿರಬೇಕು. ಎಲ್ಲ ತರಂಗಾಂತರಗಳಲ್ಲೂ ಬೆಳಕು ನಿಧಾನವಾಗಿ ಕಡಿಮೆಯಾಗುತ್ತಿದ್ದರೆ, ನಮ್ಮ ಮಳೆಗಾಲದ ತೇವಕ್ಕೆ ಕನ್ನಡಿಗಳ ಮೇಲೆ ಬೂಷ್ಟು ಕಟ್ಟಿರುವ ಸಾಧ್ಯತೆ ಇದೆ. ಸಿಲಿಕಾ ಜೆಲ್ ಚೀಲ ಬಣ್ಣ ಕಳೆದುಕೊಂಡಿದೆಯೇ ನೋಡಿ ಬದಲಿಸಿ.

ಇಲ್ಲಿಗೆ ನಿಲ್ಲಿಸಿ. ದೀಪದ ಕೋಣೆ ತೆರೆಯಬೇಡಿ. ಅಲ್ಲಿ ಕಣ್ಣು ಸುಡುವ ಅತಿನೇರಳೆ ಬೆಳಕಿದೆ, ವಿದ್ಯುತ್ತಿನ ಅಪಾಯವಿದೆ. ಒಳಗಿನ ಕನ್ನಡಿಗಳನ್ನು ಬಟ್ಟೆಯಲ್ಲಿ ಒರೆಸಿದರೆ ಹೊಳಪು ಮತ್ತೆ ಬರುವುದಿಲ್ಲ. ಸರ್ವೀಸ್ ಎಂಜಿನಿಯರ್ ಬರುವಾಗ ಬ್ಲ್ಯಾಂಕ್ ಎದುರು ಬ್ಲ್ಯಾಂಕ್, ಹೋಲ್ಮಿಯಮ್ ಗೆರೆ, ದೀಪದ ಗಂಟೆ – ಈ ಮೂರನ್ನು ಮುದ್ರಿಸಿ ಕೈಗಿಡಿ.

ಹೀರಿಕೆಯ ಗೆರೆಗೆ ಉತ್ತರ ತಿಳಿಯದ ಪ್ರಶ್ನೆ

ದಡದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಈ ನೀರಿನ ಬಳಚು, ಚಿಪ್ಪಿಕಲ್ಲು ತಿನ್ನಬಹುದೇ? ಗೆರೆ ಎಷ್ಟೇ ಶುದ್ಧವಾಗಿ ಬಂದಿರಲಿ, ವಿಷವಿದೆಯೋ ಇಲ್ಲವೋ ಎಂದು ಅದು ಹೇಳಲಾರದು. 1983ರಲ್ಲಿ ಮಂಗಳೂರು ಭಾಗದಲ್ಲಿ ಚಿಪ್ಪು ತಿಂದವರಿಗೆ ಪಾರ್ಶ್ವವಾಯು ತರುವ ವಿಷಬಾಧೆ ತಗಲಿದ್ದು ದಾಖಲಾಗಿದೆ. ಆ ವಿಷ ಬೇಯಿಸಿದರೂ ಹೋಗುವುದಿಲ್ಲ. ಮೀನು ಸತ್ತು ತೇಲಿದರೆ ಮೀನುಗಾರಿಕೆ ಇಲಾಖೆಗೆ ತಿಳಿಸಿ, ವಿಷ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಚಿಪ್ಪಿನ ಮಾದರಿ ಕಳುಹಿಸಿ. ತಿಂದವರಿಗೆ ತುಟಿ, ನಾಲಿಗೆ ಜೋಮು ಹಿಡಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಫಿಲ್ಟರ್ ಆಮೇಲೆ ಓದಿದರಾಯಿತು.